ಅಪ್ಪನ ಬೆಂಜ್

ಜರ್ಮನಿಯ ಸ್ಟುಟ್‌ಗಾರ್ಟ್ ರೈಲ್ವೆ ಸ್ಟೇಷನ್ನಿಂದ ಹೊರಗೆ ಬಂದು ಹತ್ತು ಹೆಜ್ಜೆ ಹಾಕಿರಲಿಲ್ಲ, ಅಪ್ಪ ನಿಂತುಬಿಟ್ಟ. ತಲೆ ಎತ್ತಿ ಸ್ಟೇಷನ್ನಿನ ಗೋಪುರ ನೋಡುತ್ತಿದ್ದ. ಅದರ ತುದಿಯಲ್ಲಿ ಮೂರು ಮೂಲೆಯ ದೊಡ್ಡ ನಕ್ಷತ್ರವೊಂದು ನಿಧಾನಕ್ಕೆ ತಿರುಗುತ್ತಿತ್ತು.

"ಲೋ, ಇದು ನಮ್ಮ ಲಾರಿ ಗುರುತಲ್ವೇನೋ?"

ನನ್ನ ಎರಡೂ ಕೈಯಲ್ಲಿ ಸೂಟ್‌ಕೇಸು. ಒಂದರ ತುಂಬಾ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹುಳಿಪುಡಿ, ಕೊಬ್ಬರಿ. ಹಸು ಬಿಟ್ಟು ಬರಲ್ಲ ಅಂತ ಅಮ್ಮ ಊರಲ್ಲೇ ಉಳಿದಿದ್ದಳು. ಇದು 2018ರ ಏಪ್ರಿಲ್ ಮಾತು. ನಾನು ಆ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ದಿನಾ ಆ ನಕ್ಷತ್ರದ ಕೆಳಗೇ ರೈಲು ಹಿಡಿಯುತ್ತಿದ್ದೆ. ನನ್ನ ಪಾಲಿಗೆ ಅದು ಮರ್ಸಿಡಿಸ್, ದುಡ್ಡಿದ್ದವರ ಕಾರು. ಲಾರಿ ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಅಪ್ಪನಿಗೆ ಮಾತ್ರ ಬೆಂಜ್ ಅಂದರೆ ಲಾರಿಯೇ. ಹದಿನಾರನೇ ವಯಸ್ಸಿಗೆ, 1966ರಲ್ಲಿ, ಕ್ಲೀನರ್ ಆಗಿ ಹತ್ತಿದ್ದು ಟಾಟಾ ಮರ್ಸಿಡಿಸ್ ಬೆಂಜ್ ಲಾರಿ. ಮಂಗಳೂರಿನಿಂದ ಹಂಚು ತುಂಬಿಕೊಂಡು ಶಿರಾಡಿ ಘಾಟ್ ಹತ್ತಿ ಹಾಸನ, ಅರಸೀಕೆರೆ ಕಡೆ ಬರುತ್ತಿದ್ದ ಗಾಡಿ. ಟಾಟಾದವರು 1954ರಲ್ಲಿ ಈ ಜರ್ಮನ್ ಕಂಪನಿ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ಕಟ್ಟೋಕೆ ಶುರು ಮಾಡಿದ್ದರು. ಮುಂದೆ ಬಾನೆಟ್ ಚಾಚಿಕೊಂಡ ಗಾಡಿ, ಅದರ ಮೂತಿಯ ಮೇಲೆ ಈ ನಕ್ಷತ್ರ. 1969ಕ್ಕೆ ಒಪ್ಪಂದ ಮುಗಿಯಿತು. ನಕ್ಷತ್ರ ಹೋಗಿ ಆ ಜಾಗಕ್ಕೆ ಟಾಟಾದ 'ಟಿ' ಬಂತು. ಆದರೂ ನಮ್ಮ ಕಡೆ ಬಾಯಲ್ಲಿ ಎಷ್ಟೋ ವರ್ಷ ಅದು ಬೆಂಜ್ ಲಾರಿಯಾಗೇ ಉಳಿಯಿತು.

ಕ್ಲೀನರ್‌ಗೆ ಬೆಳಗಿನ ಮೊದಲ ಕೆಲಸವೇ ಆ ನಕ್ಷತ್ರ ಒರೆಸೋದಂತೆ. ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಮತ್ತೆ ತಿಕ್ಕಿ, ಡ್ರೈವರ್ ಬಂದು ಕುಂಕುಮ ಇಟ್ಟ ಮೇಲೇ ಗಾಡಿ ಸ್ಟಾರ್ಟ್. ಅದು ಸ್ಟೇರಿಂಗ್ ಚಿತ್ರ ಅಂತ ಅಪ್ಪ ಬಹಳ ದಿನ ತಿಳಿದಿದ್ದನಂತೆ. ಬಳೆಯೊಳಗೆ ಮೂರು ಕಡ್ಡಿ, ಇನ್ನೇನು ಅನ್ನಿಸಬೇಕು ಹೇಳಿ.

ಹೀಗಾಗಿ ಆ ಭಾನುವಾರ ಅಪ್ಪನನ್ನು ಮರ್ಸಿಡಿಸ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಎಸ್-ಬಾನ್ ರೈಲಿನಲ್ಲಿ ನೆಕರ್‌ಪಾರ್ಕ್ ಸ್ಟೇಷನ್ನಿಗೆ ಹೋಗಿ ಇಳಿದರೆ ಸ್ವಲ್ಪ ನಡಿಗೆ. 2006ರಲ್ಲಿ ತೆರೆದ ಕಟ್ಟಡ. ಮೂಲೆಯೇ ಇಲ್ಲದ, ಬೆಳ್ಳಿ ಬಣ್ಣದ, ತಿರುಚಿಟ್ಟಂಥ ಆಕಾರ. ಮೊದಲು ಲಿಫ್ಟ್‌ನಲ್ಲಿ ತುದಿಗೆ ಹೋಗಬೇಕು. ಆಮೇಲೆ ಸುತ್ತುತ್ತಾ, ಇಳಿಜಾರಿನಲ್ಲಿ 1886ರಿಂದ ಇವತ್ತಿನವರೆಗೆ ಇಳಿದು ಬರೋದು. ಅಪ್ಪನಿಗೆ ಇದು ತಕ್ಷಣ ಅರ್ಥವಾಯಿತು. "ಘಾಟ್ ಇಳಿದ ಹಾಗೆ" ಅಂದ.

ಲಿಫ್ಟ್ ಬಾಗಿಲು ತೆರೆದರೆ ಎದುರಿಗೆ ನಿಂತಿದ್ದು ಬಿಳೀ ಕುದುರೆ, ಬೊಂಬೆ. "ನನಗೆ ಕುದುರೆ ಮೇಲೇ ನಂಬಿಕೆ, ಈ ಮೋಟಾರು ಬಂದುಹೋಗೋ ಶೋಕಿ" ಅನ್ನೋ ಅರ್ಥದ ಮಾತು ಅಲ್ಲಿದೆ. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಹೇಳಿದ್ದಂತೆ. ಅಪ್ಪ ಕುದುರೆಯನ್ನು ಸುತ್ತು ಹಾಕಿ ನೋಡಿ, "ಇದನ್ನ ನೋಡೋಕೆ ಟಿಕೆಟ್ ತಗೊಂಡ್ಯಾ?" ಅಂದ.

ಪಕ್ಕದಲ್ಲೇ ಇತ್ತು ಕಾರ್ಲ್ ಬೆಂಜ್‌ನ ಮೂರು ಚಕ್ರದ ಗಾಡಿ. ಒಂದೇ ಸಿಲಿಂಡರ್, ಮುಕ್ಕಾಲು ಕುದುರೆ ಶಕ್ತಿ, ಗಂಟೆಗೆ ಹದಿನಾರು ಕಿಲೋಮೀಟರ್ ವೇಗ. 1886ರ ಜನವರಿ 29ಕ್ಕೆ ಪೇಟೆಂಟಿಗೆ ಅರ್ಜಿ ಹಾಕಿದ್ದ. ಅಪ್ಪ ಬಗ್ಗಿ ಬಗ್ಗಿ ನೋಡಿದ. ಚೈನು, ಬೆಲ್ಟು, ಸೀಟಿನ ಹಿಂದೆ ಅಡ್ಡಡ್ಡ ಮಲಗಿಸಿದ ದೊಡ್ಡ ಚಕ್ರ. ಬ್ರೇಕ್ ಎಲ್ಲಿ ಅಂತ ಹುಡುಕುತ್ತಿದ್ದ. ಆಗ ನಾನು ಬೆರ್ಥಾ ಬೆಂಜ್ ಕಥೆ ಹೇಳಿದೆ. ಆ ದಿನ ನಾನು ಹೇಳಿದ್ದರಲ್ಲಿ ಅಪ್ಪ ಪೂರ್ತಿ ಕೇಳಿಸಿಕೊಂಡದ್ದು ಬಹುಶಃ ಇದೊಂದನ್ನೇ.

ಬೆರ್ಥಾ ಕಾರ್ಲ್‌ನ ಹೆಂಡತಿ. ಅವಳ ತವರಿನ ದುಡ್ಡು ಆ ಕಾರ್ಖಾನೆಗೆ ಹೋಗಿತ್ತು. ಗಂಡ ಗಾಡಿ ಮಾಡಿದನೇ ಹೊರತು ಅದನ್ನು ನಂಬಿ ಕೊಳ್ಳೋಕೆ ಜನ ಬರಲಿಲ್ಲ. 1888ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಅವಳು ಗಂಡನಿಗೆ ಹೇಳದೆ ಇಬ್ಬರು ಹುಡುಗರನ್ನು ಕರೆದುಕೊಂಡು ಗಾಡಿ ಹೊರಡಿಸಿದಳು. ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ತವರುಮನೆಗೆ. ನೂರು ಕಿಲೋಮೀಟರ್ ದಾಟುತ್ತೆ. ಅಷ್ಟು ದೂರ ಮೋಟಾರಿನಲ್ಲಿ ಅಲ್ಲಿವರೆಗೆ ಯಾರೂ ಹೋಗಿರಲಿಲ್ಲ. ಎಣ್ಣೆ ಮುಗೀತು. ಪೆಟ್ರೋಲ್ ಬಂಕ್ ಅನ್ನೋದೇ ಇಲ್ಲದ ಕಾಲ. ವೀಸ್ಲೋಖ್ ಅನ್ನೋ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆ ಕಲೆ ತೆಗೆಯೋಕೆ ಮಾರುತ್ತಿದ್ದ ದ್ರವ ಕೊಂಡು ತುಂಬಿಸಿದಳು. ಎಣ್ಣೆ ಬರೋ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿದಳು. ವೈರ್ ಸವೆದಾಗ ಕಾಲ್ಚೀಲದ ಪಟ್ಟಿ ಸುತ್ತಿದಳು.

"ಬ್ರೇಕು?" ಅಪ್ಪನ ತಲೆ ಇನ್ನೂ ಅಲ್ಲೇ ಇತ್ತು.

ಬ್ರೇಕಿಗೆ ಮರದ ತುಂಡು, ಇಳಿಜಾರಿನಲ್ಲಿ ಅದು ಸವೆದುಹೋಯಿತು. ದಾರಿಯಲ್ಲಿ ಒಬ್ಬ ಚಪ್ಪಲಿ ಹೊಲಿಯುವವನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು.

"ಲೈನರ್!" ಅಂದ ಅಪ್ಪ. "ಬ್ರೇಕ್ ಲೈನರ್ ಹಾಕಿಸಿದಾಳೆ. ಏರು ಬಂದ್ರೆ?"

"ಹುಡುಗರು ಇಳಿದು ತಳ್ಳಿದ್ರಂತೆ. ವಾಪಸ್ ಬಂದ ಮೇಲೆ ಏರು ಹತ್ತೋಕೆ ಇನ್ನೊಂದು ಗೇರ್ ಹಾಕು ಅಂತ ಗಂಡನಿಗೆ ಹೇಳಿದ್ಲಂತೆ."

ಅಪ್ಪ ಸ್ವಲ್ಪ ಹೊತ್ತು ಆ ಗಾಡಿಯನ್ನೇ ನೋಡಿದ. "ಹಂಗಾದ್ರೆ ಆ ಹುಡುಗ್ರು ಕ್ಲೀನರ್‌ಗಳು" ಅಂದ. ಘಾಟ್‌ನಲ್ಲಿ ಲಾರಿ ನಿಂತರೆ ಕ್ಯಾಬಿನ್ನಿಂದ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದವನು ತಾನೇ ಅಲ್ವಾ, ಅವನಿಗೆ ಆ ಹುಡುಗರು ಕಂಡರು. ನಾನು ಆ ಕಥೆಯನ್ನು ಎಷ್ಟೋ ಸಲ ಓದಿದ್ದೆ. ಹುಡುಗರ ಕಡೆ ನನ್ನ ಗಮನ ಹೋಗಿರಲೇ ಇಲ್ಲ.

ಗಾಟ್ಲೀಬ್ ಡೈಮ್ಲರ್ ಕಥೆಗೆ ಅಪ್ಪ ಅಷ್ಟು ಕಿವಿ ಕೊಡಲಿಲ್ಲ. ಸ್ಟುಟ್‌ಗಾರ್ಟ್‌ನದೇ ಕಾನ್‌ಸ್ಟಾಟ್‌ನಲ್ಲಿ, ತೋಟದ ಗಾಜಿನ ಮನೆಯಲ್ಲಿ, ಎಂಜಿನಿಯರ್ ವಿಲ್‌ಹೆಲ್ಮ್ ಮೇಬಾಖ್ ಜೊತೆ ಸೇರಿ ಅವನು ಹೊತ್ತಲ್ಲದ ಹೊತ್ತಿನಲ್ಲಿ ಎಂಜಿನ್ ಕುಟ್ಟುತ್ತಿದ್ದ. ಇವರು ಖೋಟಾ ನಾಣ್ಯ ಹೊಡೀತಿದ್ದಾರೆ ಅಂತ ತೋಟದ ಮಾಲಿಗೆ ಅನುಮಾನ. ಪೊಲೀಸರು ಬಂದು ನೋಡಿದರೆ ಬರೀ ಎಂಜಿನ್ನು. ಬೆಂಜ್ ಮತ್ತು ಡೈಮ್ಲರ್ ಹೆಚ್ಚುಕಮ್ಮಿ ನೂರು ಕಿಲೋಮೀಟರ್ ದೂರದಲ್ಲಿ ಒಂದೇ ಕಾಲಕ್ಕೆ ಒಂದೇ ಕೆಲಸ ಮಾಡುತ್ತಿದ್ದವರು. ಅವರ ಕಂಪನಿಗಳು ಒಂದಾಗಿದ್ದು 1926ರಲ್ಲಿ. ಅಷ್ಟೊತ್ತಿಗೆ ಡೈಮ್ಲರ್ ಸತ್ತು 26 ವರ್ಷವಾಗಿತ್ತು.

'ಮರ್ಸಿಡಿಸ್' ಎಲ್ಲಿಂದ ಬಂತು ಅಂತ ಅಪ್ಪನೇ ಕೇಳಿದ. ಎಮಿಲ್ ಯೆಲಿನೆಕ್ ಅಂತ ಒಬ್ಬ ಶ್ರೀಮಂತ ವ್ಯಾಪಾರಿ, ಫ್ರಾನ್ಸಿನ ನೀಸ್ ಊರಲ್ಲಿದ್ದವನು. ಡೈಮ್ಲರ್ ಕಂಪನಿಯವರಿಗೆ, ಜೋರಾಗಿ ಓಡೋ ಗಾಡಿ ಬೇಕು, 36 ಗಾಡಿ ಒಟ್ಟಿಗೆ ಕೊಳ್ತೀನಿ, ಆದರೆ ನನ್ನ ಮಗಳ ಹೆಸರಿಡಬೇಕು ಅಂದ. ಮಗಳು ಮರ್ಸಿಡಿಸ್, ಆಗ ಹತ್ತು ವರ್ಷದವಳು. ಅಪ್ಪ ನಕ್ಕುಬಿಟ್ಟ. ಅವನ ಲಾರಿ ಓನರ್ ಕೂಡ ಮುಂದಿನ ಗಾಜಿನ ಮೇಲೆ ಮಗಳ ಹೆಸರು ಬರೆಸಿದ್ದನಂತೆ. "ಮದುವೆ ಆಗಿ ಹೋದ್ಮೇಲೂ ಅಳಿಸಲಿಲ್ಲ. ಇವರೂ ಅಳಿಸಿಲ್ಲ ನೋಡು." ನಕ್ಷತ್ರ ಬಂದಿದ್ದು 1909ರಲ್ಲಿ. ನೆಲ, ನೀರು, ಆಕಾಶ ಮೂರಕ್ಕೂ ಡೈಮ್ಲರ್ ಎಂಜಿನ್ ಅನ್ನೋ ಅರ್ಥ. ಇದನ್ನು ಹೇಳಿದರೆ ಅಪ್ಪನಿಗೆ ಸ್ವಲ್ಪ ನಿರಾಸೆಯೇ ಆಯಿತು. ಸ್ಟೇರಿಂಗೇ ಆಗಿದ್ದರೆ ಚೆನ್ನಾಗಿತ್ತು ಅಂದ.

ಇಳಿಯುತ್ತಾ ಇಳಿಯುತ್ತಾ 1930ರ ದಶಕಕ್ಕೆ ಬಂದೆವು. ಉದ್ದನೆಯ, ಹೊಳೆಯುವ ಕಾರುಗಳು. ಹಿಟ್ಲರ್ ಮೆರವಣಿಗೆಗೆ ಹತ್ತುತ್ತಿದ್ದದ್ದೂ ಈ ಕಂಪನಿಯ ದೊಡ್ಡ ಕಾರನ್ನೇ. ಇಲ್ಲಿ ನನಗೆ ಮಾತು ಸ್ವಲ್ಪ ತಡವರಿಸಿತು. ಸುಮ್ನೆ ಮುಂದೆ ಕರೆದುಕೊಂಡು ಹೋಗಬಹುದಿತ್ತು, ಅಪ್ಪನಿಗೆ ಜರ್ಮನ್ ಓದೋಕೆ ಬರಲ್ಲ. ಆದರೆ ಗೋಡೆಯ ಮೇಲಿನ ಫೋಟೋಗಳ ಮುಂದೆ ಅವನೇ ನಿಂತ. ಯುದ್ಧದ ಚಿತ್ರಗಳು.

"ಆವಾಗ ಇವರು ಏನು ಮಾಡ್ತಿದ್ರು?"

ಸೈನ್ಯಕ್ಕೆ ಲಾರಿ, ವಿಮಾನದ ಎಂಜಿನ್. ಮಾಡುತ್ತಿದ್ದವರು ಯಾರು ಅಂತಲೂ ಹೇಳಿದೆ. 1944ರಲ್ಲಿ ಈ ಕಂಪನಿಯಲ್ಲಿ 63,610 ಜನ ಕೆಲಸಕ್ಕಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಬೇರೆ ದೇಶಗಳಿಂದ ಎಳೆದು ತಂದವರು, ಯುದ್ಧಕೈದಿಗಳು, ಯಾತನಾ ಶಿಬಿರದವರು. ಈ ಲೆಕ್ಕವನ್ನು ಕಂಪನಿಯೇ ಒಪ್ಪಿಕೊಂಡು ಹೇಳುತ್ತದೆ. ಆದರೆ ಇತಿಹಾಸಕಾರರನ್ನು ಕೂರಿಸಿ ಇದನ್ನೆಲ್ಲ ತೆಗೆಸೋಕೆ 1980ರ ದಶಕ ಬರಬೇಕಾಯಿತು.

"ಸಂಬಳ?"

"ಶಿಬಿರದವರಿಗೆ ಇಲ್ಲ. ಅವರ ಕೂಲಿ ಅಂತ ಕಂಪನಿಗಳು ಹಿಟ್ಲರನ ಪಡೆಗೆ ದುಡ್ಡು ಕಟ್ಟುತ್ತಿದ್ದವು."

ಅಪ್ಪ ಅಲ್ಲಿದ್ದ ಬೆಂಚಿನ ಮೇಲೆ ಕೂತ. ಕಾಲು ನೋವಿರಬೇಕು ಅಂದುಕೊಂಡೆ. ನೀರು ಕೊಟ್ಟೆ. ಕುಡಿದು, "ನಾವು ಕ್ಲೀನರ್ ಕೆಲಸಕ್ಕೆ ಸೇರಿದಾಗ ಆರು ತಿಂಗಳು ಬರೀ ಊಟ. ಆದ್ರೆ ಬೇಡ ಅನ್ಸಿದ್ರೆ ಇಳಿದು ಮನೆಗೆ ಹೋಗಬಹುದಿತ್ತು" ಅಂದ. ಅಷ್ಟೇ. ಎದ್ದು ನಡೆದ.

ಆಮೇಲಿನದನ್ನು ಅವನು ಬೇಗ ಬೇಗ ನೋಡಿದ. ಓರೆಯಾದ ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಬೆಳ್ಳಿ ಬಣ್ಣದ ರೇಸ್ ಕಾರುಗಳ ಮುಂದೆ ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ನಿಲ್ಲಲೇ ಇಲ್ಲ. "ಲೋಡಿಲ್ದೆ ಓಡೋ ಗಾಡಿ, ಓಡದೆ ಏನು ಮಾಡುತ್ತೆ?" 1955ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ಇವರ ಕಾರೊಂದು ಡಿಕ್ಕಿಯಾಗಿ ಹಾರಿ, ಚೂರುಗಳು ಜನರ ಮೇಲೆ ಬಿದ್ದು 80ಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ನಾನೂ ಹೇಳಲಿಲ್ಲ. ಅವತ್ತಿಗೆ ಸಾಕಾಗಿತ್ತು.

ಅವನಿಗೆ ಹಿಡಿಸಿದ್ದು ಒಂದು ಟ್ಯಾಕ್ಸಿ ಕಥೆ. ಗ್ರೀಸ್ ದೇಶದ ಡ್ರೈವರ್ ಒಬ್ಬ 1976ರ 240 ಡಿ ಮಾಡೆಲ್ ಡೀಸೆಲ್ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಈ ಮ್ಯೂಸಿಯಂಗೇ ತಂದುಕೊಟ್ಟ. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ದಿನಕ್ಕೆ ಮುನ್ನೂರು ಓಡಿಸಿದರೂ ನಲವತ್ತು ವರ್ಷ ಮೀರುತ್ತೆ. "ಎಂಜಿನ್ ಎಷ್ಟು ಸಲ ಇಳಿಸಿದ?" ಹಲವು ಸಲ ಬದಲಾಯಿಸಿದನಂತೆ ಅಂದೆ. "ಹಂಗಾದ್ರೆ ಓಡಿದ್ದು ಕಾರಲ್ಲ, ಡ್ರೈವರ್."

ನನಗೂ ಅದೇ ಸರಿ ಅನ್ನಿಸುತ್ತೆ. ಬೆಂಜ್ ಹೆಸರು ನಿಂತದ್ದು ಪೋಪ್, ರಾಜ, ಸಿನಿಮಾದವರು ಕೂತಿದ್ದರಿಂದ ಅಂತ ನಾವು ತಿಳಿದಿದ್ದೇವೆ. ಜರ್ಮನಿಯಲ್ಲಿ ಸ್ಟೇಷನ್ನಿಗೆ ಬಿಡೋ ಟ್ಯಾಕ್ಸಿಯೂ ಬಹಳ ಸಲ ಬೆಂಜೇ, ಕೆನೆ ಬಣ್ಣದ್ದು. ಮೊದಲ ದಿನ ಅದರಲ್ಲಿ ಕೂರಿಸಿದಾಗ "ಎಂಎಲ್ಎ ಆದ್ನಾ ನಾನು?" ಅಂತ ಕೇಳಿದ್ದ ಅಪ್ಪ. ಟ್ಯಾಕ್ಸಿ, ಬಸ್ಸು, ಲಾರಿಯವರು ಹಗಲೂರಾತ್ರಿ ಓಡಿಸಿ ಕೊಟ್ಟ ಹೆಸರನ್ನು ಕಾರಿನವರು ಮೇಲೆ ಹಾಕಿಕೊಂಡು ಮೆರೆದರು ಅಂತ ನನ್ನ ಲೆಕ್ಕ. ಜಾಸ್ತಿ ಹೇಳಿದೆನೇನೋ. 1959ರಲ್ಲಿ, ಡಿಕ್ಕಿಯಾದಾಗ ಮುಂಭಾಗ ಮುದುಡಿ ಒಳಗಿನವರನ್ನು ಉಳಿಸೋ ಹಾಗೆ ಬಾಡಿ ಕಟ್ಟಿದವರೂ ಇವರೇ. ಎಂಜಿನಿಯರ್ ಬೇಲಾ ಬರೇನಿಯ ಯೋಚನೆ ಅದು. 1978ರಲ್ಲಿ, ಜೋರಾಗಿ ಒತ್ತಿದರೂ ಚಕ್ರ ಲಾಕ್ ಆಗದ ಎಬಿಎಸ್ ಬ್ರೇಕನ್ನು ಕಾರಿಗೆ ತಂದರು. ಹಾಗೆಯೇ 1997ರಲ್ಲಿ ಇವರ ಹೊಸ ಪುಟ್ಟ ಎ-ಕ್ಲಾಸ್ ಕಾರು ಸ್ವೀಡನ್ನಿನಲ್ಲಿ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಉರುಳಿ ಬಿತ್ತು. ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸೋ ಪರೀಕ್ಷೆ. ಜನ ನಕ್ಕರು. ಕಂಪನಿ ಮಾರಾಟ ನಿಲ್ಲಿಸಿ, ಗಾಡಿ ಜಾರದಂತೆ ಹಿಡಿಯೋ ಇಎಸ್‌ಪಿ ಸಿಸ್ಟಮ್ಮನ್ನು ಎಲ್ಲ ಎ-ಕ್ಲಾಸಿಗೂ ಹಾಕಿತು.

ಲಾರಿಗಳ ವಿಭಾಗದಲ್ಲಿ ಅಪ್ಪ ಒಂದು ಗಂಟೆ ಇದ್ದ. ಡೈಮ್ಲರ್ 1896ರಲ್ಲೇ ಲಾರಿ ಮಾಡಿದ್ದ ಅಂತ ಕೇಳಿ ಖುಷಿಪಟ್ಟ. ಬಾನೆಟ್ ಇದ್ದ ಹಳೇ ಲಾರಿಯೊಂದರ ಮೂತಿ ಹತ್ತಿರ ಹೋಗಿ ಕೈ ಚಾಚಿದ. ಬೆರಳು ನಕ್ಷತ್ರಕ್ಕೆ ಒಂದು ಗೇಣು ದೂರದಲ್ಲಿತ್ತು. ಮುಟ್ಟಬಾರದು ಅಂತ ನಾನು ಹೇಳೋ ಮೊದಲೇ ಕೈ ಹಿಂದೆ ತೆಗೆದ. "ಧೂಳಿದೆ" ಅಂದ. ಇರಲಿಲ್ಲ. ಟಾಟಾ ಜೊತೆ ಮಾಡಿದ ಲಾರಿ ಎಲ್ಲಾದರೂ ಇದೆಯಾ ಅಂತ ಹುಡುಕಿದೆವು. ನಮಗೆ ಕಾಣಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಪಕ್ಕದವನ ಪೇಪರಿನಲ್ಲಿ ಡೀಸೆಲ್ ಸುದ್ದಿ. ಫೆಬ್ರವರಿಯಲ್ಲಷ್ಟೇ ಲೈಪ್‌ಜಿಗ್‌ನ ಕೋರ್ಟು, ಹೊಗೆ ಜಾಸ್ತಿಯಾದರೆ ಊರೊಳಗೆ ಹಳೇ ಡೀಸೆಲ್ ಗಾಡಿ ತಡೀಬಹುದು ಅಂದಿತ್ತು. ಬೆಂಜ್ ಕಂಪನಿಯ ಊರಲ್ಲೇ ಹಳೇ ಡೀಸೆಲ್ ಬೆಂಜ್‌ಗೆ ದಾರಿಯಿಲ್ಲ ಅನ್ನೋ ಸ್ಥಿತಿ. ಮುಂದಿನ ವರ್ಷ ಡೀಸೆಲ್ ವಿಚಾರಕ್ಕೇ ಜರ್ಮನಿಯಲ್ಲಿ ಈ ಕಂಪನಿಗೆ 87 ಕೋಟಿ ಯೂರೋ ದಂಡ ಬಿತ್ತು. ಅವತ್ತು ರೈಲಿನಲ್ಲಿ ಅಪ್ಪನಿಗೆ ಸುದ್ದಿ ಓದಿ, ಪರೀಕ್ಷೆಯಲ್ಲಿ ಮಾತ್ರ ಹೊಗೆ ಕಮ್ಮಿ ತೋರಿಸೋ ಹಾಗೆ ಗಾಡಿ ಕಟ್ಟಿದ್ದಾರೆ ಅನ್ನೋ ಅನುಮಾನ ಹೇಳಿದಾಗ, "ನಮ್ಮಲ್ಲಿ ಗಾಡಿ ನೋಡದೇ ಹೊಗೆ ಸರ್ಟಿಫಿಕೇಟ್ ಕೊಡ್ತಾರೆ, ಇವರು ಗಾಡಿಗೇ ಸುಳ್ಳು ಹೇಳೋದು ಕಲಿಸಿದ್ರಾ?" ಅಂತ ಕೇಳಿದ. ಕಂಪನಿ ಒಪ್ಪಿಲ್ಲ, ತನಿಖೆ ನಡೀತಿದೆ ಅಂದೆ.

ಮನೆಗೆ ಬಂದು ಅನ್ನ, ಹುಳಿ ಮಾಡಿದೆ. ಅಷ್ಟರಲ್ಲಿ ಅಪ್ಪ ಫೋನಿನಲ್ಲಿದ್ದ. ಊರಲ್ಲಿ ರಾತ್ರಿ ಒಂಬತ್ತೂವರೆ. ಆ ಕಡೆ ಅರಸೀಕೆರೆಯ ಹಳೇ ಗೆಳೆಯ, ಅವನೂ ಡ್ರೈವರ್ ಆಗಿದ್ದವನು. ಚಕ್ರವರ್ತಿಯ ಕುದುರೆ, ರೇಸ್ ಕಾರು, ಹಿಟ್ಲರ್, ಯಾವುದೂ ಬರಲಿಲ್ಲ ಮಾತಿನಲ್ಲಿ.

"ನಮ್ಮ ಲಾರಿ ಇಲ್ಲ ಕಣಯ್ಯಾ, ಮಿಕ್ಕಿದ್ದೆಲ್ಲಾ ಮಡಗವ್ರೆ... ಅದಲ್ಲ ಕೇಳು, ಮೊದಲ್ನೇ ಟ್ರಿಪ್ ಹೊಡೆದಿದ್ದು ಹೆಂಗಸು... ಹೂಂ, ನೂರು ಕಿಲೋಮೀಟ್ರು, ಇಬ್ರು ಕ್ಲೀನರು... ಇಲ್ಲ ಕಣಯ್ಯಾ, ಅವಳ ಹತ್ರ ಎಲ್ಲಿಂದ ಬರಬೇಕು ಲೈಸೆನ್ಸು!"