ಕ್ಯೋಟೆನ್ ಅರಮನೆಯಲ್ಲಿ ಐದನೇ ಬ್ರಾಂಡೆನ್‌ಬರ್ಗ್

ಬರ್ಲಿನ್, ಡ್ರೆಸ್ಡೆನ್, ಲೈಪ್‌ಜಿಗ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಅವನ್ನು ಬಿಟ್ಟುಬಿಡುತ್ತೇನೆ. ಬರೆಯಲೇಬೇಕು ಅನ್ನಿಸಿದ್ದು ಜರ್ಮನಿಯ ಕ್ಯೋಟೆನ್ ಎಂಬ ಸಣ್ಣ ಊರಿನ ಅರಮನೆಯಲ್ಲಿ ಕೇಳಿದ ಒಂದು ಕಛೇರಿಯ ಸಂಜೆಯ ಬಗ್ಗೆ.

ಜರ್ಮನ್ ಸಂಗೀತ ರಚನೆಕಾರ ಬಾಖ್ 1717ರಿಂದ 1723ರವರೆಗೆ ಈ ಊರಿನ ದೊರೆ ಲಿಯೋಪೋಲ್ಡ್‌ನ ಆಸ್ಥಾನದಲ್ಲಿದ್ದ. ದೊರೆಯೂ ವಾದ್ಯ ನುಡಿಸುವವನೇ. ಅವನದು ಕ್ಯಾಲ್ವಿನ್ ಪಂಥ, ಚರ್ಚಿನಲ್ಲಿ ಅದ್ದೂರಿ ಸಂಗೀತ ಬೇಡ ಅನ್ನುವವರು. ಹಾಗಾಗಿ ಬಾಖ್‌ಗೆ ವಾದ್ಯಗಳಿಗೆ ಬರೆಯಲು ಪುರುಸೊತ್ತು ಸಿಕ್ಕಿತು. ಅದೂ ಅಲ್ಲದೆ, 1713ರಲ್ಲಿ ಬರ್ಲಿನ್‌ನ ಹೊಸ ರಾಜ ಪಟ್ಟಕ್ಕೆ ಬಂದವನೇ ತನ್ನ ಆಸ್ಥಾನದ ಸಂಗೀತಗಾರರನ್ನು ಮನೆಗೆ ಕಳಿಸಿದ್ದ, ಅವರಲ್ಲಿ ಕೆಲವರು ಇಲ್ಲಿಗೆ ಬಂದು ಸೇರಿದ್ದರು. ಎಂಥ ಕೈಗಳು ಅಲ್ವಾ! 1721ರ ಮಾರ್ಚ್ 24ರಂದು ಬಾಖ್ ಆರು ಕನ್ಚೆರ್ಟೊಗಳನ್ನು, ಅಂದರೆ ಹಲವು ವಾದ್ಯಗಳು ಕೂಡಿ ನುಡಿಸುವ ರಚನೆಗಳನ್ನು, ಬ್ರಾಂಡೆನ್‌ಬರ್ಗಿನ ರಾಜಮನೆತನದ ಕ್ರಿಶ್ಚಿಯನ್ ಲುಡ್ವಿಗ್‌ಗೆ ಅರ್ಪಿಸಿದ. ಅದಕ್ಕೇ ಅವಕ್ಕೆ ಬ್ರಾಂಡೆನ್‌ಬರ್ಗ್ ಅನ್ನುವ ಹೆಸರು. ಅವು ಅಚ್ಚಾಗಿದ್ದು 1850ರಲ್ಲಿ, ಬಾಖ್ ತೀರಿಕೊಂಡು ನೂರು ವರ್ಷ ಆದಮೇಲೆ.

ನಾನು ಹೋದ ಸಂಜೆ ಆ ಆರರಲ್ಲಿ ಮೂರನೆಯದು, ಆರನೆಯದು, ಐದನೆಯದು, ಈ ಕ್ರಮದಲ್ಲಿ ನುಡಿಸುವವರಿದ್ದರು. ಮೂರನೆಯದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದೆ. ಹಳಿ ರಿಪೇರಿ ಅಂತ ಅರ್ಧ ದಾರಿಯಲ್ಲಿ ರೈಲಿನಿಂದ ಇಳಿಸಿ ಬಸ್ಸಿಗೆ ಹತ್ತಿಸಿದರು, ಆ ಬಸ್ಸು ಹಳ್ಳಿ ಹಳ್ಳಿ ಸುತ್ತಿಕೊಂಡು ಬಂತು. ನುಡಿಸುತ್ತಿರುವಾಗ ಯಾರನ್ನೂ ಒಳಗೆ ಬಿಡುವುದಿಲ್ಲ, ಅದು ಸರಿಯೇ. ಆದರೂ ಅಷ್ಟು ದೂರದಿಂದ ಹೋಗಿ ಒಂದು ಕನ್ಚೆರ್ಟೊವನ್ನು ಗೋಡೆಯ ಆಚೆಯಿಂದ ಕೇಳಿದ ಸಂಕಟ ಇನ್ನೂ ಹೋಗಿಲ್ಲ. ವಾರಾಂತ್ಯದಲ್ಲಿ ಹೋಗುವವರು ಹಿಂದಿನ ದಿನವೇ ಹಳಿ ಕೆಲಸದ ಸೂಚನೆ ನೋಡಿಕೊಳ್ಳಿ. ಮಧ್ಯಾಹ್ನವೇ ಊರು ಸೇರಿಬಿಡಿ.

ಕಛೇರಿ ನಡೆದದ್ದು ಅರಮನೆಯ ಕನ್ನಡಿ ಹಾಲ್‌ನಲ್ಲಿ. ಹಾಲ್ ಚೆಂದ ಇದೆ, ಆದರೆ ಬಾಖ್ ಕಾಲದ್ದಲ್ಲ, ಆಮೇಲೆ ಕಟ್ಟಿದ್ದು. ವಾದ್ಯಗಳು ಮಾತ್ರ ಅವನ ಕಾಲದವು, ಇಲ್ಲವೇ ಅವನ್ನೇ ನೋಡಿ ಮಾಡಿದವು. ಪಿಟೀಲಿಗೆ ಕುರಿಯ ಕರುಳಿನ ತಂತಿ. ಕೊಳಲು ಮರದ್ದು, ಅದಕ್ಕೆ ಒಂದೇ ಒಂದು ಕೀಲಿ. ಇವತ್ತಿನ ಆರ್ಕೆಸ್ಟ್ರಾಗಳು ಸೆಕೆಂಡಿಗೆ 440 ಕಂಪನಕ್ಕೆ ಕೂಡಿಸುವ ಸ್ವರವನ್ನು ಇವರು 415ಕ್ಕೆ ಕೂಡಿಸುತ್ತಾರೆ, ಅಂದರೆ ಅರ್ಧ ಸ್ವರದಷ್ಟು ಕೆಳಗೆ. ಹೆಚ್ಚಿನವರು ನಿಂತೇ ನುಡಿಸಿದರು, ಸಾದಾ ಕಪ್ಪು ಬಟ್ಟೆಯಲ್ಲಿ. ಪ್ರವಾಸಿಗರಿಗಾಗಿ ಬಿಳಿ ವಿಗ್ಗು ಹಾಕಿಕೊಂಡು ನುಡಿಸುವ ಕಛೇರಿಗಳು ಯೂರೋಪಿನಲ್ಲಿ ಸಿಗುತ್ತವಲ್ಲ, ಅವು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಆರನೆಯದರಲ್ಲಿ ಪಿಟೀಲೇ ಇಲ್ಲ. ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಿಯೋಲಾ ಎರಡು, ಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುವ ಗಾಂಬಾ ಎರಡು, ಚೆಲ್ಲೊ, ದೊಡ್ಡ ಬಾಸ್, ಪಿಯಾನೋದಂತೆ ಕೀಲಿಮಣೆ ಇರುವ ತಂತಿವಾದ್ಯ ಹಾರ್ಪ್ಸಿಕಾರ್ಡ್, ಅಷ್ಟೇ. ಎಲ್ಲಾ ಮಂದ್ರದ ಕಡೆಗೇ ವಾಲಿದ ನಾದ, ಆದರೂ ಎಲ್ಲೂ ಭಾರ ಅನ್ನಿಸಲಿಲ್ಲ.

ಆಮೇಲೆ ವಿರಾಮ. ಜನ ಎದ್ದು ಹೊರಗೆ ಹೋದರು. ಒಬ್ಬ ಹೆಂಗಸು ಪುಟ್ಟ ಚಾವಿ ಹಿಡಿದು ಬಂದು ಹಾರ್ಪ್ಸಿಕಾರ್ಡ್ ಶ್ರುತಿ ಮಾಡತೊಡಗಿದರು. ನಾನು ಹತ್ತಿರ ಹೋಗಿ ಸುಮ್ನೆ ನಿಂತೆ. ಅವರೇ ಇಂಗ್ಲಿಷಿನಲ್ಲಿ ಮಾತಾಡಿಸಿದರು.

"ಮಧ್ಯಾಹ್ನ ನಾನು ಮಾಡಿದ್ದು ಖಾಲಿ ಹಾಲ್‌ನ ಶ್ರುತಿ. ಜನ ತುಂಬಿದರೆ ಗಾಳಿ ಬಿಸಿಯಾಗುತ್ತದೆ, ತಂತಿ ಸರಿಯುತ್ತದೆ."

ನಮ್ಮಲ್ಲಿ ಕಲಾವಿದರೇ ವೇದಿಕೆ ಮೇಲೆ ಕೂತು ಎಲ್ಲರ ಎದುರಿಗೇ ಶ್ರುತಿ ಮಾಡಿಕೊಳ್ಳುತ್ತಾರೆ ಅಂದೆ. ಯಾವ ವಾದ್ಯಕ್ಕೆ ಅಂತ ಕೇಳಿದರು. ಫೋನಿನಲ್ಲಿ ತಂಬೂರಿ ಹಾಕಿದೆ. ಅವರು ಕೆಲಸ ನಿಲ್ಲಿಸಿ ಫೋನನ್ನು ಕಿವಿಗೆ ಹಿಡಿದುಕೊಂಡರು. ಸ್ವಲ್ಪ ಹೊತ್ತು ಕೇಳಿ, ಬಾಯಿ ಮುಚ್ಚಿಕೊಂಡೇ ಒಂದು ಸ್ವರ ಗುನುಗಿದರು. ಅಂತರ ಗಾಂಧಾರ! ತಂಬೂರಿಯಲ್ಲಿ ಗಾಂಧಾರದ ತಂತಿ ಇಲ್ಲ. ಷಡ್ಜ ಸರಿಯಾಗಿ ಕೂತರೆ ಅದರೊಳಗಿಂದ ತಾನಾಗಿ ಕೇಳುತ್ತದೆ. ನಾನು ಹೇಳಿಕೊಡದೆ ಅವರಿಗೆ ಅದು ಕೇಳಿಸಿತು. ನನಗೆ ಕಣ್ಣು ತುಂಬಿ ಬಂತು.

"ಪಿಯಾನೋದಲ್ಲಿ ಈ ಸ್ವರ ಇದಕ್ಕಿಂತ ಮೇಲಿರುತ್ತದೆ. ಇಲ್ಲಿ ನಾನು ಆದಷ್ಟು ಕೆಳಗೆ ತರುತ್ತೇನೆ" ಅಂತ ಎರಡು ಕೀಲಿ ಒತ್ತಿ ತೋರಿಸಿದರು. "ನಿಮ್ಮದಕ್ಕೆ ಹತ್ತಿರ. ಪೂರ್ತಿ ಅಲ್ಲ. ಒಂದು ಕಡೆ ಪೂರ್ತಿ ಕೊಟ್ಟರೆ ಇನ್ನೊಂದು ಕಡೆ ಹಾಳಾಗುತ್ತದೆ."

ನನಗೂ ಒಂದು ಕೀಲಿ ಒತ್ತಲು ಬಿಟ್ಟರು. ಮೆಲ್ಲಗೆ ಒತ್ತುತ್ತಾ ಹೋದರೆ ಬೆರಳಿಗೆ ಒಂದು ಚಿಕ್ಕ ತಡೆ ಸಿಗುತ್ತದೆ. ಅದನ್ನು ದಾಟಿದ ಕೂಡಲೇ ಒಳಗಿನ ಪುಟ್ಟ ಕಡ್ಡಿ ತಂತಿಯನ್ನು ಮೀಟುತ್ತದೆ. ಜೋರಾಗಿ ಒತ್ತಿದರೂ ನಾದ ಹೆಚ್ಚುಕಡಿಮೆ ಅಷ್ಟೇ.

ಇಷ್ಟೇ ದನಿಯ ವಾದ್ಯಕ್ಕೆ ಐದನೆಯದರಲ್ಲಿ ಬಾಖ್ ಮುಖ್ಯ ಸ್ಥಾನ ಕೊಟ್ಟಿದ್ದಾನೆ. 1719ರಲ್ಲಿ ಬರ್ಲಿನ್‌ನ ಮೀಟ್ಕೆ ಎಂಬುವನು ಮಾಡಿದ ಹಾರ್ಪ್ಸಿಕಾರ್ಡನ್ನು ಈ ಆಸ್ಥಾನಕ್ಕೆ ತಂದಿದ್ದವನೂ ಅವನೇ. ಮೊದಲು ಕೊಳಲು, ಪಿಟೀಲು ಮಾತಾಡಿಕೊಳ್ಳುತ್ತವೆ, ಹಾರ್ಪ್ಸಿಕಾರ್ಡ್ ಜೊತೆಗಿರುತ್ತದೆ. ನಿಧಾನವಾಗಿ ಅದರ ಓಟ ಜಾಸ್ತಿಯಾಗುತ್ತದೆ, ಮಿಕ್ಕವರು ಒಬ್ಬೊಬ್ಬರೇ ನಿಲ್ಲಿಸುತ್ತಾರೆ, ಕೊನೆಗೆ ಅದೊಂದೇ 65 ಬಾರ್ (ನಮ್ಮ ತಾಳದ ಆವರ್ತದ ಹಾಗೆ) ನುಡಿಯುತ್ತದೆ. ಕೊಳಲಿನವರು ವಾದ್ಯ ಇಳಿಸಿ ಆ ಬೆರಳುಗಳನ್ನೇ ನೋಡುತ್ತಾ ನಿಂತಿದ್ದರು. ಆಧುನಿಕ ದೊಡ್ಡ ಆರ್ಕೆಸ್ಟ್ರಾಗಳ ರೆಕಾರ್ಡಿಂಗ್‌ಗಳಲ್ಲಿ ಈ ಜಾಗ ನನಗೆ ಯಾವತ್ತೂ ತಟ್ಟಿರಲಿಲ್ಲ. ಅಲ್ಲಿ ಮೈಕ್ ಹಾರ್ಪ್ಸಿಕಾರ್ಡನ್ನು ಎತ್ತಿ ಹಿಡಿಯುತ್ತದೆ. ಇಲ್ಲಿ ಕರುಳ ತಂತಿ, ಮರದ ಕೊಳಲು ಎಲ್ಲವೂ ಅದರಷ್ಟೇ ಮೆತ್ತಗಿನವು, ಯಾರೂ ಯಾರನ್ನೂ ಮುಚ್ಚುವುದಿಲ್ಲ.

ಹೋಗುವುದಾದರೆ ಮುಂದಿನ ಸಾಲುಗಳಲ್ಲೇ ಟಿಕೆಟ್ ತಗೊಳ್ಳಿ, ಹಿಂದೆ ಕೂತರೆ ಆ ಮೀಟು ಕಿವಿಗೆ ಸಿಗುವುದಿಲ್ಲ. ಬಾಖ್ ಉತ್ಸವ ಇಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ರಾತ್ರಿ ವಾಪಸ್ ರೈಲು ಹಿಡಿಯುವ ಯೋಚನೆ ಬೇಡ, ಊರಲ್ಲೇ ಉಳಿದುಕೊಳ್ಳಿ.