ದಿಯೆನ್ ಬಿಯೆನ್ ಫು: ಅಮೆರಿಕ ಕೊಟ್ಟದ್ದು, ಕೊಡದೆ ಉಳಿಸಿಕೊಂಡದ್ದು

ವಿಯೆಟ್ನಾಮಿನ ವಾಯುವ್ಯದ ಈ ಕಣಿವೆಯಲ್ಲೇ ಫ್ರೆಂಚ್ ವಸಾಹತು ಸೈನ್ಯ, ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ವಿಯೆಟ್ ಮಿನ್ ಪಡೆಗೆ ಸೋತದ್ದು. ಹನೋಯ್‌ನಿಂದ ದಿಯೆನ್ ಬಿಯೆನ್ ಫುಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಸ್ಲೀಪರ್ ಬಸ್ಸಿಗೆ ಹತ್ತು ಗಂಟೆಗೂ ಮೇಲೆ ಬೇಕು. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರಿಗೆ ವಿಮಾನವೇ ಲೇಸು. ಆದರೆ ಕಣಿವೆಗೆ ಮಂಜು ಕವಿದರೆ ಅದೂ ತಡವಾಗುತ್ತದೆ, ಹಾಗಾಗಿ ಮರುದಿನದ ಟಿಕೆಟ್ ಬಿಗಿಯಾಗಿ ಜೋಡಿಸಬೇಡಿ. 1954ರಲ್ಲಿ ಫ್ರೆಂಚರ ರನ್‌ವೇ ಇದ್ದದ್ದೂ ಇಲ್ಲೇ. ಮಾರ್ಚ್ 13ಕ್ಕೆ ಮುತ್ತಿಗೆ ಶುರುವಾಗಿ, ತಿಂಗಳು ಮುಗಿಯುವುದರೊಳಗೆ ವಿಯೆಟ್ ಮಿನ್ ಫಿರಂಗಿಗಳು ಅದನ್ನು ಕೆಲಸಕ್ಕೆ ಬಾರದಂತೆ ಮಾಡಿದವು. ಆಮೇಲೆ ಅನ್ನ, ಮದ್ದುಗುಂಡು ಎಲ್ಲವೂ ಪ್ಯಾರಾಚೂಟಿನಲ್ಲೇ.

ಮೊದಲು ಫ್ರೆಂಚರ ಕಾವಲು ನೆಲೆಯಾಗಿದ್ದ ಎ1 ಗುಡ್ಡ ಹತ್ತಿ. ಮಧ್ಯಾಹ್ನ ಊಟದ ಹೊತ್ತಿಗೆ ಟಿಕೆಟ್ ಕಿಟಕಿ ಮುಚ್ಚುವುದರಿಂದ ಬೆಳಿಗ್ಗೆಯೇ ಹೋಗಬೇಕು. ತುದಿಯಲ್ಲಿರುವ ದೊಡ್ಡ ಹೊಂಡ ಮೇ 6ರ ರಾತ್ರಿ ವಿಯೆಟ್ ಮಿನ್ ಸುರಂಗದಲ್ಲಿ ಸುಮಾರು 960 ಕಿಲೋ ಸ್ಫೋಟಕ ಸಿಡಿಸಿದ್ದರ ಗುರುತು. ಅಲ್ಲೇ ತುಕ್ಕು ಹಿಡಿದು ನಿಂತ ಟ್ಯಾಂಕ್ ಅಮೆರಿಕದ ಎಂ-24 ಚಾಫೀ. ಅಂಥ ಹತ್ತನ್ನು ಫ್ರೆಂಚರು ಬಿಚ್ಚಿ, ವಿಮಾನದಲ್ಲಿ ತಂದು ಕಣಿವೆಯಲ್ಲೇ ಮತ್ತೆ ಜೋಡಿಸಿದ್ದರು. ವಿಯೆಟ್ ಮಿನ್ ಬಳಿಯಿದ್ದ 105 ಮಿ.ಮೀ. ಹೊವಿಟ್ಜರ್‌ಗಳೂ ಅಮೆರಿಕದವೇ, ಚೀನಾದ ಕೈ ದಾಟಿ ಬಂದವು!

ಅಮೆರಿಕದ ನಿಲುವು ಈ ಕಬ್ಬಿಣದಲ್ಲೇ ಕಾಣುತ್ತದೆ. ಆ ಹೊತ್ತಿಗೆ ಯುದ್ಧದ ಖರ್ಚಿನ ಮುಕ್ಕಾಲು ಪಾಲು ಅದರದ್ದೇ. ಅಮೆರಿಕದ ಸಿ-119 ಸಾಗಣೆ ವಿಮಾನಗಳಿಗೆ ಫ್ರಾನ್ಸಿನ ಗುರುತು ಬಳಿದಿದ್ದರು, ಓಡಿಸುತ್ತಿದ್ದವರಲ್ಲಿ ಗುತ್ತಿಗೆಯ ಅಮೆರಿಕನ್ನರೂ ಇದ್ದರು. ಅಮೆರಿಕದ ಬಿ-29 ಬಾಂಬರ್‌ಗಳಿಂದ ಬಾಂಬ್ ಹಾಕಿಸುವ 'ವಲ್ಚರ್' ಯೋಜನೆಗೆ ಮಾತ್ರ ಅಧ್ಯಕ್ಷ ಐಸೆನ್‌ಹೋವರ್ ಒಪ್ಪಲಿಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಮ್ಮತಿ ಬೇಕು, ಬ್ರಿಟನ್ ಜೊತೆಗೂಡಬೇಕು, ಇಂಡೋಚೀನಾದ ರಾಜ್ಯಗಳಿಗೆ (ವಿಯೆಟ್ನಾಮ್, ಲಾವೋಸ್, ಕಾಂಬೋಡಿಯ) ಫ್ರಾನ್ಸ್ ನಿಜವಾದ ಸ್ವಾತಂತ್ರ್ಯ ಕೊಡಬೇಕು ಎಂಬ ಷರತ್ತುಗಳಿದ್ದವು. ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಮತ್ತು ವಿದೇಶಾಂಗ ಸಚಿವ ಈಡನ್ ಒಲ್ಲೆ ಎಂದರು. ವಸಾಹತು ಯುದ್ಧದ ಕಳಂಕ ತಟ್ಟಬಾರದೆಂಬ ಎಚ್ಚರ ವಾಷಿಂಗ್ಟನ್ನಿಗೆ ಇತ್ತು, ನಿಜ; ಆದರೆ ದುಡ್ಡು ಸುರಿದಾದ ಮೇಲೆ ಅದಕ್ಕೆಷ್ಟು ಬೆಲೆ? ಫ್ರೆಂಚ್ ಸೈನಿಕರನ್ನು ಹೊತ್ತ ಅಮೆರಿಕದ ವಿಮಾನಗಳಿಗೆ ನೆಹರೂ ಭಾರತದ ಆಕಾಶದಲ್ಲಿ ದಾರಿ ಕೊಡಲಿಲ್ಲ. ಯುದ್ಧ ನಿಲ್ಲಿಸಿದ ಜಿನೀವಾ ಒಪ್ಪಂದದ ನಂತರ ಕದನವಿರಾಮದ ಮೇಲ್ವಿಚಾರಣಾ ಆಯೋಗಕ್ಕೆ ಭಾರತವೇ ಅಧ್ಯಕ್ಷ.

ಗುಡ್ಡ ಇಳಿದರೆ ಹತ್ತಿರದಲ್ಲೇ ಮ್ಯೂಸಿಯಂ. ವೃತ್ತಾಕಾರದ ಬೃಹತ್ ಚಿತ್ರಕ್ಕೆ ಹೆಚ್ಚು ಹೊತ್ತು ಕೊಡಿ. ಮುವಾಂಗ್ ಥಾನ್ ಸೇತುವೆ ದಾಟಿದರೆ, ಮೇ 7ರಂದು ಫ್ರೆಂಚ್ ದಳಪತಿ ದ ಕಾಸ್ತ್ರಿ ಸೆರೆಸಿಕ್ಕ ಬಂಕರ್. ವಿಯೆಟ್ ಮಿನ್ ದಳಪತಿ ಜನರಲ್ ಜಾಪ್ ಕಾಡಿನಲ್ಲಿ ಹೂಡಿದ್ದ ಮುವಾಂಗ್ ಫಾಂಗ್ ನೆಲೆ ಊರಾಚೆ ಇರುವುದರಿಂದ ಅದಕ್ಕೆ ಟ್ಯಾಕ್ಸಿ ಮಾಡಿ, ಬರುವಾಗಿನ ಬಾಡಿಗೆಯನ್ನೂ ಮೊದಲೇ ಮಾತಾಡಿಕೊಳ್ಳಿ. ಗೆಲುವಿನ ದಿನವಾದ ಮೇ 7ರ ಆಸುಪಾಸು ಹೋಗುವವರು ರೂಮನ್ನು ಬಹಳ ಮುಂಚೆಯೇ ಕಾದಿರಿಸಬೇಕು.