ಒಂದು ಹಿಡಿ ಅಕ್ಕಿ

ಇಂದು ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದಾಗ, ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ಓದುತ್ತಿರುವ ತಂಗಿ ಪಾವಿನಿಂದ ಒಂದು ಹಿಡಿ ತೆಗೆದು ಬೇರೊಂದು ಡಬ್ಬಿಗೆ ಹಾಕಿದಳು. "ಇದು ನಮ್ಮದಲ್ಲ, ಅಕ್ಕ" ಎಂದಳು.

ಆ ಹಿಡಿಯ ಮೂಲ ಕೇರಳದ ಮಾನ್ನಾನಂನಲ್ಲಿದೆ. 1846ರಲ್ಲಿ ಅಲ್ಲಿ ಸಂಸ್ಕೃತ ಶಾಲೆ ತೆರೆದ ಸಂತ ಕುರಿಯಾಕೋಸ್ ಏಲಿಯಾಸ್ ಚಾವರ ಅವರು, ಮನೆಮನೆಯವರು ಅಡುಗೆಗೆ ಮುನ್ನ ಒಂದು ಹಿಡಿ ಅಕ್ಕಿಯನ್ನು ಎತ್ತಿಡುವ ‘ಪಿಡಿಯರಿ’ ಪದ್ಧತಿಯಿಂದ ಬಡ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಒದಗಿಸಿದರು. ಹಸಿದ ಮಗುವಿಗೆ ಅಕ್ಷರ ದಕ್ಕುವುದಿಲ್ಲವೆಂಬುದು ಅವರಿಗೆ ತಿಳಿದಿತ್ತು. ಮಲಯಾಳದ ‘ಪಿಡಿ’ಯೇ ನಮ್ಮ ‘ಹಿಡಿ’ ಎಂಬುದು ಹೊಳೆದಾಗ ಮನಸ್ಸಿಗೆ ಬಹಳ ಹಿತವಾಯಿತು.

ಅವರು ಇತರ ಕ್ರೈಸ್ತ ಗುರುಗಳೊಂದಿಗೆ ಕಟ್ಟಿದ ಸಿಎಂಐ ಎಂಬ ಕ್ಯಾಥೋಲಿಕ್ ಸನ್ಯಾಸಿಗಳ ಸಭೆಯೇ, ಮುಂದೆ ತಂಗಿಯ ವಿಶ್ವವಿದ್ಯಾಲಯವಾಗಿ ಬೆಳೆದ ಕ್ರೈಸ್ಟ್ ಕಾಲೇಜನ್ನು 1969ರಲ್ಲಿ ಆರಂಭಿಸಿತು. ಇಂದಿಗೂ ಅದರ ಧ್ಯೇಯವಾಕ್ಯದಲ್ಲಿ ಉತ್ಕೃಷ್ಟತೆಯ ಪಕ್ಕದಲ್ಲಿಯೇ ಸೇವೆಯೂ ಇದೆ. ಗೋಡೆಯ ಮೇಲಿನ ಆ ಮಾತು ಲಾಭನಷ್ಟದ ಲೆಕ್ಕ ಕಲಿಯುವ ಹುಡುಗಿಯ ಕೈಗೆ ಇಳಿದು, ನಮ್ಮ ಅಡುಗೆಮನೆಯವರೆಗೆ ಬಂದಿರುವುದನ್ನು ನಾನು ನಿಜವಾದ ವಿದ್ಯೆಯೆಂದೇ ನಂಬುತ್ತೇನೆ.

ಸಂಜೆ ಅಕ್ಕಿ ತೆಗೆಯುವಾಗ ಅವಳು ಮನೆಯಲ್ಲಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ನಾನೇ ತೆರೆದೆ.